ಸರದಿಯ ಲೆಕ್ಕಕ್ಕೊಂದು ಪುಸ್ತಕ

ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟದ ಡೇರಿ ಇದೆ. ಹಾಲು ಹೊತ್ತು ಬಂದ ವಾಹನಗಳು ಸರದಿಯಂತೆ ಖಾಲಿಯಾಗಬೇಕು. ಸರದಿ ಎಂದರೇನೆಂದು ಈ ಊರಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸಂಘಕ್ಕೆ ಹಾಲು ಹಾಕುವ ಮನೆಯ ಹುಡುಗಿ ಪದವಿ ತರಗತಿಯಲ್ಲಿ 'ಕ್ಯೂಯಿಂಗ್ ಥಿಯರಿ' ಓದಲು ಕುಳಿತರೆ ಕಂಗಾಲಾಗುತ್ತಾಳೆ. ಗೈಡಿನಲ್ಲಿ ಸೂತ್ರಗಳ ಪಟ್ಟಿ ಇದೆ, ಅವು ಎಲ್ಲಿಂದ ಬಂದವೆಂಬುದಿಲ್ಲ. ದೊಡ್ಡ ಗ್ರಂಥದಲ್ಲಿ ಸಾಧನೆ ಇದೆ, ಹತ್ತಲು ಮೆಟ್ಟಿಲಿಲ್ಲ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದವಳಿಗೆ ಇಂಗ್ಲಿಷೂ ಅಡ್ಡ. ಕೊನೆಗೆ 'ಗಣಿತ ನನಗೆ ಒಗ್ಗದು' ಎಂದು ಪುಸ್ತಕ ಮುಚ್ಚುತ್ತಾಳೆ. ನಷ್ಟವಿರುವುದು ಇಲ್ಲಿ.

ನಿಜವಾಗಿ ಮೊದಲ ಸೂತ್ರಕ್ಕೆ ಬೇಕಾದದ್ದು ಅಲ್ಪ. ಗಂಟೆಗೆ ಸರಾಸರಿ 8 ವಾಹನ ಬರುತ್ತವೆ, 10ನ್ನು ಖಾಲಿ ಮಾಡಬಹುದು ಎಂದಿಟ್ಟುಕೊಳ್ಳಿ. ಬರುವ ಹೊತ್ತೂ ಹಿಡಿಯುವ ಹೊತ್ತೂ ನಿಶ್ಚಿತವಲ್ಲ. ಬಹುಕಾಲ ನೋಡಿದರೆ ಸಾಲು 3ರಿಂದ 4ಕ್ಕೆ ಏರಿದಷ್ಟೇ ಸಲ 4ರಿಂದ 3ಕ್ಕೆ ಇಳಿಯಬೇಕು. ಏರುವ ವೇಗ 8, ಇಳಿಯುವ ವೇಗ 10. ಹಾಗಾಗಿ 4 ವಾಹನ ಇರುವ ಸಂಭವ, 3 ಇರುವ ಸಂಭವದ 0.8 ಪಾಲು. ಪ್ರತಿ ಮೆಟ್ಟಿಲಿಗೂ ಇದೇ ಮಾತು. ಇದು ಪಿಯುಸಿಯ ಗುಣೋತ್ತರ ಶ್ರೇಢಿ! ಅದನ್ನು ಕೂಡಿದರೆ ಅಲ್ಲಿರುವ ವಾಹನಗಳ ಸರಾಸರಿ 0.8ನ್ನು 0.2ರಿಂದ ಭಾಗಿಸಿದಷ್ಟು, ಅಂದರೆ 4. ಗಂಟೆಗೆ ಬರುವ 8ರಿಂದ ಅದನ್ನು ಭಾಗಿಸಿದರೆ, ಒಂದು ವಾಹನ ಬಂದು ಹೋಗಲು ಅರ್ಧ ಗಂಟೆ. ಗಂಟೆಗೆ 9 ಬಂದರೆ? ಸರಾಸರಿ 9 ವಾಹನ, ಒಂದು ಗಂಟೆ. ಒಂದೇ ವಾಹನ ಹೆಚ್ಚಿದ್ದಕ್ಕೆ ಹೊತ್ತು ದುಪ್ಪಟ್ಟು!

1909ರಲ್ಲಿ ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ ಟೆಲಿಫೋನ್ ಕರೆಗಳಿಗಾಗಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಕರ್ನಾಟಕಕ್ಕೂ ಇದರ ನಂಟಿದೆ. 1950ರ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ ಎನ್.ಯು. ಪ್ರಭು, ಮುಂದೆ ಅಮೆರಿಕದಲ್ಲಿ 'ಕ್ಯೂಯಿಂಗ್ ಸಿಸ್ಟಮ್ಸ್' ಪತ್ರಿಕೆಯ ಸ್ಥಾಪಕ ಸಂಪಾದಕರಾದರು. ಅಲ್ಲಿಯೇ ಎಂ.ಎ. ಓದಿದ ಯು. ನಾರಾಯಣ ಭಟ್ಟರ 'ಆ್ಯನ್ ಇಂಟ್ರೊಡಕ್ಷನ್ ಟು ಕ್ಯೂಯಿಂಗ್ ಥಿಯರಿ' 2008ರಲ್ಲಿ ಬಂತು. 1974ರಲ್ಲಿ ಮೊದಲು ಬಂದ ಗ್ರಾಸ್ ಮತ್ತು ಹ್ಯಾರಿಸ್ ಅವರ 'ಫಂಡಮೆಂಟಲ್ಸ್ ಆಫ್ ಕ್ಯೂಯಿಂಗ್ ಥಿಯರಿ'ಯಂತೂ ಮೇಲಿನ ಫಲವನ್ನೇ ಮೂರು ದಾರಿಗಳಲ್ಲಿ ಸಾಧಿಸುತ್ತದೆ. ಒಂದು ದಾರಿ ಕಠಿಣವಾದರೆ ಇನ್ನೊಂದನ್ನು ಹಿಡಿಯಬಹುದು.

ಪುಸ್ತಕ ಕೊಳ್ಳುವಾಗ ಪೋಷಕರು ಬೆಲೆ ನೋಡುತ್ತಾರೆ, ಮಕ್ಕಳು ಹಳೆಯ ಪ್ರಶ್ನೆಪತ್ರಿಕೆ ಇದೆಯೇ ಎಂದು ನೋಡುತ್ತಾರೆ. ಜೊತೆಗೆ ಒಂದೇ ಕೌಂಟರಿನ ಸರದಿಯ ಅಧ್ಯಾಯವನ್ನೂ ತೆರೆಯಲಿ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಪೆನ್ಸಿಲ್ ಹಿಡಿದು ಹೋಗಲು ಬಂದರೆ ಆ ಪುಸ್ತಕ ತಮ್ಮದು. ಬಾರದಿದ್ದರೆ ಎಷ್ಟೇ ಹೆಸರಾಂತ ಗ್ರಂಥವಾದರೂ ಸದ್ಯಕ್ಕೆ ಲೈಬ್ರರಿಯಲ್ಲೇ ಇರಲಿ.