ಆಯಿ ಒಡೆದ ಖಡಿ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದು. ಆಫೀಸಿನ ರಿಲೀಸುಗಳ ಗದ್ದಲದಲ್ಲಿ ಪುರುಸೊತ್ತೇ ಇರಲಿಲ್ಲ. ಆರು ತಿಂಗಳು ಕಾನ್ಸಾಸ್ ಸಿಟಿಯಲ್ಲಿ ಆನ್‌ಸೈಟ್ ಇದ್ದಾಗಿನಿಂದ ತಲೆಯಲ್ಲಿ ಕೊರೀತಾ ಇರೋ ವಿಷಯ ಇದು. ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಅಲ್ಲಿದ್ದಾಗ ಒಂದು ಶನಿವಾರ ಸೆನೆಕಾ ಅನ್ನೋ ಊರಿಗೆ ಹೋಗಿದ್ವಿ. ನಮ್ಮ ಔರಾದ್‌ಗಿಂತ ಎಷ್ಟೋ ಚಿಕ್ಕ ಊರು. ಅಲ್ಲಿನ ಪೋಸ್ಟ್ ಆಫೀಸಿನಲ್ಲಿ ಒಂದು ದೊಡ್ಡ ಚಿತ್ರ ಇದೆ. ಗೋಧಿ ಹೊಲ, ಕೊಯ್ಲು ಮಾಡೋ ಗಂಡಸರು. ಹೆಸರು 'ಮೆನ್ ಅಂಡ್ ವೀಟ್', ಬರೆದವನು ಜೋ ಜೋನ್ಸ್, 1940. ರಾಜ ಇಲ್ಲ, ಸೇನಾಪತಿ ಇಲ್ಲ, ಬರೀ ರೈತರು! ಸ್ಟಾಂಪ್ ಕೊಳ್ಳೋಕೆ ಬಂದ ರೈತನಿಗೆ ಎದುರಿಗೇ ತನ್ನಂಥವನ ಚಿತ್ರ.

1929ರ ಷೇರುಪೇಟೆ ಕುಸಿತದ ನಂತರ ಅಮೆರಿಕಾದಲ್ಲಿ ದುಡಿಯೋ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇಲ್ಲದ ಹಾಗಾಗಿತ್ತು. ರೂಸ್‌ವೆಲ್ಟ್ ಸರ್ಕಾರ ರಸ್ತೆ, ಸೇತುವೆ, ಶಾಲೆ, ಕೆರೆ ಅಂತ ಕೆಲಸ ತೆಗೆದು ಕೂಲಿ ಕೊಟ್ಟಿತು. ಡಬ್ಲ್ಯುಪಿಎ ಅನ್ನೋ ಯೋಜನೆಯೊಂದರಲ್ಲೇ 1935ರಿಂದ 1943ರವರೆಗೆ ಸುಮಾರು 85 ಲಕ್ಷ ಜನ ದುಡಿದರು. ಪೋಸ್ಟ್ ಆಫೀಸಿನ ಚಿತ್ರಗಳು ಮಾತ್ರ ಡಬ್ಲ್ಯುಪಿಎಯದ್ದಲ್ಲ. ಅಲ್ಲಿನವರೂ ಎಷ್ಟೋ ಜನ ಹಾಗಂತ ತಪ್ಪು ತಿಳ್ಕೊಂಡಿದ್ದಾರೆ. ಅವನ್ನ ಬರೆಸಿದ್ದು ಖಜಾನೆ ಇಲಾಖೆಯ ಬೇರೆ ವಿಭಾಗ. ಕಟ್ಟಡದ ಖರ್ಚಿನಲ್ಲಿ ಸುಮಾರು ಶೇಕಡಾ ಒಂದರಷ್ಟು ಚಿತ್ರಕ್ಕೆ ಅಂತ ಎತ್ತಿಟ್ಟು, ಸ್ಪರ್ಧೆ ನಡೆಸಿ ಕಲಾವಿದರನ್ನ ಆರಿಸ್ತಿದ್ದರು. (ಇಂಥ ಸಣ್ಣ ವ್ಯತ್ಯಾಸ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ, ಕ್ಷಮಿಸಿ :-))

ಈಗೇನೋ ಅವಕ್ಕೆಲ್ಲ ಮರ್ಯಾದೆ. ಆ ಕಾಲಕ್ಕೆ ಡಬ್ಲ್ಯುಪಿಎ ಕೂಲಿಯವರನ್ನ ಸಲಿಕೆಗೆ ಒರಗಿ ನಿಂತು ಸಂಬಳ ತಗೊಳ್ಳೋರು ಅಂತ ಆಡಿಕೊಂಡು ನಗ್ತಿದ್ದರಂತೆ.

ನಮ್ಮ ಬೀದರ್‌ನಲ್ಲಿ ಇಂಥದ್ದು ಏನಿದೆ ಅಂತ ಯೋಚನೆ ಶುರುವಾಗಿದ್ದು ವಾಪಸ್ ಬರೋ ವಿಮಾನದಲ್ಲಿ. ವಿಚಿತ್ರ ನೋಡಿ, ಅದೇ ವರ್ಷಗಳಲ್ಲಿ ನಮ್ಮಲ್ಲೂ ದೊಡ್ಡ ಕೆಲಸ ನಡೆದಿತ್ತು. ವಿಕಾರಾಬಾದ್‌ನಿಂದ ಬೀದರ್‌ಗೆ ರೈಲು ಬಂದಿದ್ದು 1930ರಲ್ಲಿ. ಅದೇ ಹಳಿ ಭಾಲ್ಕಿ, ಉದಗೀರ ದಾಟಿ ಪರಳಿ ಮುಟ್ಟಿದ್ದು 1932ರಲ್ಲಿ. ಕೋಟೆಯೊಳಗಿನ ಮಣ್ಣು ತೆಗೆಸಿ ರಿಪೇರಿ ಮಾಡಿಸಿದ ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆಗೆ ಗುಲಾಮ್ ಯಜ್ದಾನಿ ಮುಖ್ಯಸ್ಥರು. ಬೀದರ್ ಬಗ್ಗೆ ಅವರ ದಪ್ಪ ಪುಸ್ತಕ 1947ರಲ್ಲಿ ಬಂತು. ಆದರೆ ಇದ್ಯಾವುದೂ ಹಸಿದವರಿಗೆ ಕೆಲಸ ಕೊಡಬೇಕು ಅಂತ ತೆಗೆದಿದ್ದಲ್ಲ.

ಹಾಗೆ ತೆಗೆದ ಕೆಲಸ ನಮ್ಮ ಮನೆಯಲ್ಲೇ ಇತ್ತು! 1972ರ ಬರ. ಗಡಿಯಾಚೆ ಮಹಾರಾಷ್ಟ್ರದಲ್ಲಂತೂ 1973ರ ಬೇಸಿಗೆಗೆ 50 ಲಕ್ಷದ ಹತ್ತಿರ ಜನ ಬರಗಾಲ ಕೆಲಸದ ಮೇಲಿದ್ದರು. ಅಲ್ಲಿಯ ಉದ್ಯೋಗ ಖಾತ್ರಿ ಬೆಳೆದಿದ್ದೂ ಆ ಬರದ ಅನುಭವದಿಂದಲೇ. ಔರಾದ್ ಹತ್ತಿರದ ನಮ್ಮೂರಲ್ಲಿ ಆಗ ಆಯಿ (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ) ರಸ್ತೆಗೆ ಖಡಿ ಒಡೆಯೋಕೆ ಹೋಗ್ತಿದ್ದಳು. ಅಪ್ಪನಿಗೆ ಆಗ ನಾಲ್ಕು ವರ್ಷ.

"ಮುಂಜಾನೆ ಹೊತ್ತು ಹೊಂಡೋಕಿಂತ ಮೊದ್ಲೇ ಹೋಗ್ತಿದ್ದೆವು ತಮ್ಮಾ. ಹಳೆ ಟೈರಿನ ಬಳಿಯೊಳಗ ಕಲ್ಲು ಇಟ್ಟು ಹೊಡಿಯೋದು, ಇಲ್ಲಂದ್ರ ಚೂರು ಕಣ್ಣಿಗೇ ಬರ್ತಿತ್ತು. ಸಂಜಿಗಿ ತಳ ಇಲ್ಲದ ಕಟಗಿ ಪೆಟಗಿ ಇಟ್ಟು ಅಳೀತಿದ್ರು. ಕಮ್ಮಿ ಬಿತ್ತಂದ್ರ ಕೂಲಿನೂ ಕಮ್ಮಿ."

ಆಯಿಯ ಬಲಗೈ ಹೆಬ್ಬೆರಳು ಸೊಟ್ಟಗಿದೆ. ಹುಟ್ಟಿನಿಂದಲೇ ಹಾಗೆ ಅಂತ ನಮಗೆಲ್ಲ ಹೇಳಿದ್ದರು. ಅದು ಸುತ್ತಿಗೆ ಏಟು ಅಂತ ಗೊತ್ತಾಗಿದ್ದು ಈ ಸಲ ನಾನು ಕೆದಕಿ ಕೇಳಿದ ಮೇಲೆ.

ಯಾಕೆ ಮುಚ್ಚಿಟ್ಟರು ಅಂದರೆ ಅಪ್ಪನಿಗೆ ಅದು ಅವಮಾನ. ಬೀದರ್ ಸಿಟಿಯಲ್ಲಿ ಮನೆ ಕಟ್ಟಿಸಿ, ಮಗನನ್ನ ಇಂಜಿನಿಯರಿಂಗ್ ಓದಿಸಿದ ಮೇಲೆ ಬರಗಾಲ ಕೆಲಸದ ಮಾತು ಮನೆಯಲ್ಲಿ ಬಂದ್. ಈ ಲೇಖನ ಬರೀತೀನಿ ಅಂದಾಗ "ನಾವು ಕೂಲಿ ಮಾಡಿದ್ದು ಊರಿಗೆಲ್ಲಾ ಡಂಗುರ ಹೊಡೀಬೇಕೇನು?" ಅಂತ ಎದ್ದು ಹೋದರು. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಬೀಗರ ಮುಂದೆ ಈ ಮಾತು ಎತ್ತಿ ಚುಚ್ಚಿದವರೂ ಇದ್ದಾರೆ. ಆದರೂ ಬರೀತಿದ್ದೇನೆ, ಯಾಕಂದರೆ ಆಯಿಗೆ ಒಂಚೂರೂ ನಾಚಿಕೆ ಇಲ್ಲ. "ಪುಕಟ ತಿಂದೀವೇನು? ಖಡಿ ಒಡದು ತಿಂದೀವಿ" ಅಂತಾಳೆ.

ನಮ್ಮಲ್ಲಿ ಕಟ್ಟಿಸಿದವರ ಹೆಸರು ಉಳಿಯುತ್ತೆ, ಕಟ್ಟಿದವರದ್ದಲ್ಲ. ನೌಬಾದ್ ಕರೇಜ್ ನೋಡಿ. ಬಹಮನಿಗಳ ಕಾಲದ ನೆಲದಡಿಯ ಕಾಲುವೆ. 2015ರ ಸುಮಾರಿಗೆ ಹೂಳು ತೆಗೆದಾಗ ಎಲ್ಲಾ ಪೇಪರಿನಲ್ಲೂ ಸುಲ್ತಾನರ ಜಾಣತನದ ವರ್ಣನೆ. ಆ ಕತ್ತಲೆಯಲ್ಲಿ ಗುದ್ದಲಿ ಹಿಡಿದವರ ಒಂದು ಹೆಸರಾದರೂ ಉಂಟೇ? ಉದ್ಯೋಗ ಖಾತ್ರಿ 2006ರಲ್ಲಿ ಶುರುವಾದಾಗ ಮೊದಲ 200 ಜಿಲ್ಲೆಗಳಲ್ಲಿ ಬೀದರ್ ಕೂಡ ಇತ್ತು. ಅದರ ಬೋರ್ಡುಗಳಲ್ಲಿ ಎಷ್ಟು ರೂಪಾಯಿ, ಎಷ್ಟು ಮಾನವ ದಿನ ಅಂತ ಬರೆದಿರ್ತಾರೆ. ಮಾನವ ದಿನ ಅಂತೆ! ಆದರೆ ಒಂದು ಸಮಾಧಾನ, ಆ ಯೋಜನೆಯ ಮಸ್ಟರ್ ರೋಲ್ ಅಂತರ್ಜಾಲಕ್ಕೆ ಬಂತು, ದುಡಿದವರ ಹೆಸರು ಒಂದೊಂದೂ ಅದರಲ್ಲಿ. ಡೇಟಾಬೇಸ್ ಜೊತೆ ಬದುಕೋ ನನಗೆ ಅದು ಸೆನೆಕಾದ ಚಿತ್ರದಷ್ಟೇ ಚೆಂದ ಕಾಣುತ್ತೆ. ಆಯಿಯ ಕಾಲದವರಿಗೆ ಚಿತ್ರವೂ ಇಲ್ಲ, ಡೇಟಾಬೇಸೂ ಇಲ್ಲ.

ಇನ್ನೊಂದು ಹೇಳಬೇಕು. ಆ ಬರದಲ್ಲಿ ಸರ್ಕಾರ ಅಮೆರಿಕಾದಿಂದ ಕೆಂಪು ಜೋಳ ತರಿಸಿತ್ತು, ಮಿಲೋ ಅಂತ. ರೊಟ್ಟಿ ಬಡಿದರೆ ಒಡೆದು ಹೋಗ್ತಿತ್ತಂತೆ, ವಾಸನೆ ಬೇರೆ. ಆ ಜೋಳವನ್ನ ಅಮೆರಿಕಾದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯೋದು ಕಾನ್ಸಾಸ್‌ನಲ್ಲೇ. ನಾನು ಇದ್ದ ಊರಿನ ಕಡೆಯದು ಅಂದಾಗ ಆಯಿ ಕೇಳಿದಳು:

"ಅಲ್ಲಿ ಮಂದಿ ಹ್ಯಾಂಗ ತಿಂತಾರೋ ಅದನ್ನ?"

"ಮಂದಿ ತಿನ್ನಲ್ಲ ಆಯಿ, ದನಕ್ಕ ಹಾಕ್ತಾರ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗು ಬಾಯಿಗೆ ಒತ್ಕೊಂಡು ನಕ್ಕಿದ್ದೇ ನಕ್ಕಿದ್ದು. "ಅದಕ್ಕೇ ಎತ್ತಿನಂಗ ದುಡದೀವಿ ನೋಡು!"

ಮೊನ್ನೆ ರಾತ್ರಿ ಅಪ್ಪನ ಫೋನು. ಅದೂ ಇದೂ ಮಾತಾಡಿ, ಇಡೋ ಹೊತ್ತಿಗೆ ಮೆಲ್ಲಗೆ ಹೇಳಿದರು: "ಬರಿಯೋದೇ ಆದ್ರ ಸರಿಯಾಗಿ ಬರಿ. ಬರೀ ರಸ್ತೆ ಅಲ್ಲ, ಕೆರಿ ಒಡ್ಡಿಗೂ ಮಣ್ಣು ಹೊತ್ತಾಳ ನಿಮ್ಮ ಆಯಿ. ನಾನು ಅಲ್ಲೇ ಬೇವಿನ ಗಿಡದ ಕೆಳಗ ಆಡ್ತಿದ್ದೆ."