ಹೊಲಕ್ಕೆ ಆಣೆ, ಸೆಲ್ಲಿಗೆ ಹೆಸರು

ಹಳ್ಳಿಯ ಲೆಕ್ಕ ಈಗ ಎಕ್ಸೆಲ್ ಶೀಟಿಗೆ ಬಂದು ಕೂತಿದೆ. ಕಲಘಟಗಿ ತಾಲ್ಲೂಕಿನ ತಂಬೂರದಂಥ ಊರನ್ನೇ ತೆಗೆದುಕೊಳ್ಳಿ. ಗೋವಿನಜೋಳದ ಬೆಳೆಹಾನಿ, ನೀರಿನ ಕರದ ಬಾಕಿ, ಮಹಿಳಾ ಸಂಘದ ಸಾಲ, ಜಾತ್ರೆಗೆ ಎತ್ತಿದ ಪಟ್ಟಿ, ಇಂಥವಕ್ಕೆಲ್ಲ ಒಂದೊಂದು ಶೀಟು ಬೇಕಾಗುತ್ತದೆ. ಇಂಥ ಶೀಟು ತೆರೆದರೆ ಮೊದಲು ಕಣ್ಣಿಗೆ ಹೊಡೆಯುವುದು ಬಣ್ಣ. ಒಂದು ಕಡೆ ಹಳದಿ ಎಂದರೆ ಬಾಕಿದಾರ, ಮುಂದಿನ ಶೀಟಿನಲ್ಲಿ ಅದೇ ಹಳದಿ ಎಂದರೆ ಆಧಾರ್ ಜೋಡಣೆ ಆಗದವರು, ಇನ್ನೊಂದರಲ್ಲಿ ಯಾರೋ ಚಂದ ಕಾಣಲೆಂದು ಬಳಿದದ್ದು. ಶೀಟು ಮಾಡಿದವರಿಗೆ ವರ್ಗವಾಯಿತೆಂದರೆ ಹಳದಿಯ ಅರ್ಥವೂ ಅವರ ಸಂಗಡ ಹೋದಂತೆ. ನನ್ನ ವಾದ ಇಷ್ಟೇ: ಸೆಲ್ಲಿಗೆ ಬಣ್ಣ ಕೊಡುವುದಕ್ಕಿಂತ ಮೊದಲು ಆ ಬಣ್ಣಕ್ಕೊಂದು ಹೆಸರು ಕೊಡಬೇಕು, ಆ ಹೆಸರು ಕೆಲಸವನ್ನು ಹೇಳಬೇಕೇ ಹೊರತು ರೂಪವನ್ನಲ್ಲ. 'ಹಳದಿ ದಪ್ಪಕ್ಷರ' ಎಂಬುದು ಹೆಸರಲ್ಲ, 'ಬಾಕಿ' ಎಂಬುದು ಹೆಸರು. ಎಕ್ಸೆಲಿನ ಹೋಮ್ ಟ್ಯಾಬಿನಲ್ಲಿ 'ಸೆಲ್ ಸ್ಟೈಲ್ಸ್' ಎಂದು ಇರುವುದು ಇದೇ ಕೆಲಸಕ್ಕೆ. ಅಂಕಿಯ ರೂಪ, ಎಡ-ಬಲ ಹೊಂದಿಕೆ, ಫಾಂಟು, ಅಂಚಿನ ಗೆರೆ, ಹಿನ್ನೆಲೆ ಬಣ್ಣ, ಬೀಗ, ಈ ಆರನ್ನೂ ಕಟ್ಟಿ ಒಂದು ಹೆಸರಿನಲ್ಲಿ ಇಟ್ಟುಕೊಳ್ಳಬಹುದು. ಆ ಹೆಸರಿನ ಮೇಲೆ ಬಲಗುಂಡಿ ಒತ್ತಿ 'ಮಾಡಿಫೈ' ಎಂದು ಬದಲಾಯಿಸಿದರೆ, ಆ ಫೈಲಿನ ಎಷ್ಟೇ ಶೀಟುಗಳಲ್ಲಿ ಅದನ್ನು ಬಳಸಿದ್ದರೂ ಎಲ್ಲ ಸೆಲ್ಲುಗಳೂ ಒಟ್ಟಿಗೆ ಬದಲಾಗುತ್ತವೆ.

ಇದೇನೂ ಕಂಪ್ಯೂಟರಿನವರ ಹೊಸ ಜಾಣತನವಲ್ಲ. 1979ರಲ್ಲಿ ಡಾನ್ ಬ್ರಿಕ್ಲಿನ್, ಬಾಬ್ ಫ್ರ್ಯಾಂಕ್‌ಸ್ಟನ್ ಸೇರಿ ಮಾಡಿದ ವಿಸಿಕ್ಯಾಲ್ಕ್ ಎಂಬ ಶೀಟಿನ ತಂತ್ರಾಂಶದಲ್ಲಿ ಬಣ್ಣವೂ ಇರಲಿಲ್ಲ, ದಪ್ಪಕ್ಷರವೂ ಇರಲಿಲ್ಲ. ಎಕ್ಸೆಲಿನಲ್ಲಿ ಈ ಸ್ಟೈಲುಗಳು ಚಿತ್ರಸಮೇತ ಕಣ್ಣೆದುರಿಗೆ ಬಂದದ್ದು 2007ರ ಆವೃತ್ತಿಯಲ್ಲಿ. ಆದರೆ ಧಾರವಾಡದ ಸೀಮೆಗೆ ಈ ವಿಚಾರ ಅದಕ್ಕೂ ಬಹಳ ಹಿಂದೆಯೇ ಬಂದಿತ್ತು. ಜಿಲ್ಲೆ ಮುಂಬಯಿ ಇಲಾಖೆಯಲ್ಲಿದ್ದಾಗ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಅಧಿಕಾರಿಗಳು 1847ರಲ್ಲಿ ಕೊಟ್ಟ ಜಂಟಿ ವರದಿಯಲ್ಲಿ ಹೊಲದ ದರ್ಜೆ ಕಟ್ಟುವ ಕ್ರಮವಿದೆ. ಹೊಲದ ಕಚ್ಚಾ ನಕ್ಷೆಯ ಮೇಲೆ ಗೆರೆ ಎಳೆದು ಚೌಕಗಳಾಗಿ ವಿಂಗಡಿಸುವುದು. ಒಂದೊಂದು ಚೌಕದಲ್ಲೂ ಮಣ್ಣಿನ ತರ, ಅದರ ಆಳ ಎಷ್ಟು ಮೊಳ ಎಂಬುದನ್ನು ಬರೆಯುವುದು. ಮರಳು ಬೆರೆತಿದ್ದರೆ ಒಂದು ಗುರುತು, ಇಳಿಜಾರಿದ್ದರೆ ಇನ್ನೊಂದು, ಜವುಗಿದ್ದರೆ ಮತ್ತೊಂದು. ಒಂದು ಗುರುತು ಬಿದ್ದರೆ ಆ ಚೌಕ ಒಂದು ದರ್ಜೆ ಕೆಳಗೆ ಇಳಿಯಿತು. 16 ಆಣೆಯಿಂದ ಶುರುವಾಗಿ ಒಟ್ಟು ಒಂಬತ್ತು ದರ್ಜೆ. ಕರಿಯ ಎರೆ ನೆಲದ ನವಲಗುಂದಕ್ಕೂ ಮಲೆನಾಡಿನ ಸೆರಗಿನ ಕಲಘಟಗಿಗೂ ಮಣ್ಣು ಬೇರೆ, ಗುರುತು ಮಾತ್ರ ಒಂದೇ. ಸ್ಥಳಕ್ಕೆ ಹೋದ ನೌಕರನಿಗೆ ತನ್ನದೇ ಒಂದು ಚಿಹ್ನೆ ಹುಟ್ಟಿಸುವ ಅಧಿಕಾರ ಇರಲಿಲ್ಲ.

ಅದಕ್ಕಿಂತ ಜಾಣತನದ ಮಾತು ಮುಂದಿದೆ. ಚೌಕದಲ್ಲಿ ರೂಪಾಯಿ ಬರೆಯುತ್ತಿರಲಿಲ್ಲ, ಹೊಲಕ್ಕೆ ಸಿಕ್ಕುತ್ತಿದ್ದದ್ದು ಆಣೆಯ ದರ್ಜೆ ಮಾತ್ರ. ಎಕರೆಗೆ ಹೆಚ್ಚೆಂದರೆ ಎಷ್ಟು ಕಂದಾಯ ಎಂಬುದನ್ನು ಊರುಗಳ ಗುಂಪಿಗೆ ಬೇರೆಯಾಗಿ ಗೊತ್ತುಮಾಡುತ್ತಿದ್ದರು. 8 ಆಣೆಯ ಹೊಲ ಅದರ ಅರ್ಧ ಕೊಡಬೇಕು. ದರ ಒಂದು ಕಡೆ ಬದಲಾದರೆ ಹೊಲಗಳ ಲೆಕ್ಕ ತಾನಾಗಿ ಬದಲಾಗುತ್ತದೆ. ಕಂದಾಯದ ಭಾರ ನ್ಯಾಯವಾಗಿತ್ತೇ ಎಂಬುದು ಬೇರೆ ಜಗಳ, ಅದನ್ನು ಇಲ್ಲಿ ತೆಗೆಯುವುದಿಲ್ಲ. ನನಗೆ ಬೇಕಾದದ್ದು ಆ ಎರಡು ಮೆಟ್ಟಿಲು: ಸೆಲ್ಲಿಗೆ ದರ್ಜೆಯ ಹೆಸರು ಅಂಟಿಸುವುದು ಒಂದು ಕೆಲಸ, ಆ ದರ್ಜೆಗೆ ಏನು ಬೆಲೆ ಎಂದು ತೀರ್ಮಾನಿಸುವುದು ಇನ್ನೊಂದು ಕೆಲಸ. ಬಣ್ಣವನ್ನು ಸೆಲ್ಲಿಗೆ ನೇರವಾಗಿ ಬಳಿಯುವವರು ಈ ಎರಡನ್ನೂ ಒಂದೇ ಏಟಿಗೆ ಮುಗಿಸಿ, ಆಮೇಲೆ ಸಾವಿರ ಸೆಲ್ಲುಗಳಲ್ಲಿ ಅದನ್ನು ಬಿಡಿಸುತ್ತ ಕೂರುತ್ತಾರೆ.

ಸ್ಟೈಲು ಎಂದರೆ ಅಲಂಕಾರ, ಲೆಕ್ಕ ಸರಿ ಇದ್ದರೆ ಸಾಕು ಎನ್ನುವವರಿದ್ದಾರೆ. ಅವರು ಒಂದು ಖಾಲಿ ಸೆಲ್ಲಿನಲ್ಲಿ ಸರ್ವೆ ನಂಬರ್ 12/3 ಎಂದು ಹೊಡೆದು ನೋಡಲಿ. ಎಂಟರ್ ಒತ್ತಿದ ಕ್ಷಣದಲ್ಲಿ ಹೊಲ ಹೋಗಿ ಮಾರ್ಚ್ 12 ಬಂದಿರುತ್ತದೆ. ಅಮೆರಿಕದ ಸೆಟ್ಟಿಂಗ್ ಇರುವ ಮಷೀನಾದರೆ ಅದೇ ಹೊಲ ಡಿಸೆಂಬರ್ 3. ಗಾಬರಿಯಾಗಿ ಆ ಕಾಲಮ್ಮಿಗೆ 'ಟೆಕ್ಸ್ಟ್' ಎಂದು ಕೊಟ್ಟರೂ 12/3 ತಿರುಗಿ ಬರುವುದಿಲ್ಲ. 2025ರಲ್ಲಿ ಹೊಡೆದದ್ದಾದರೆ 45728 ಎಂಬ ಅಂಕಿ ಬಂದು ನಿಲ್ಲುತ್ತದೆ, 1900ರಿಂದ ಎಣಿಸಿದ ದಿನಗಳ ಲೆಕ್ಕ ಅದು. 45/2 ಎಂದು ಹೊಡೆದರೆ ಹಾಗೇ ಉಳಿಯುತ್ತದೆ, ಯಾಕೆಂದರೆ 45ನೇ ತಾರೀಖು ಯಾವ ತಿಂಗಳಲ್ಲೂ ಇಲ್ಲ. ಅಂದರೆ ಒಂದೇ ಕಾಲಮ್ಮಿನಲ್ಲಿ ಕೆಲವು ಹೊಲ ಉಳಿದು ಕೆಲವು ತಾರೀಖಾಗಿ, ತಪ್ಪು ಹುಡುಕುವುದು ಇನ್ನೂ ಕಷ್ಟ. (ಗಡಿಯಾಚೆ ಮಹಾರಾಷ್ಟ್ರದಲ್ಲಿ ಉತಾರಕ್ಕೆ ಸಾತ್-ಬಾರಾ ಎನ್ನುತ್ತಾರಲ್ಲ, ಆ 7/12 ಕೂಡ ಎಕ್ಸೆಲಿನ ಪಾಲಿಗೆ ಡಿಸೆಂಬರ್ 7.) ಬ್ಯಾಂಕ್ ಖಾತೆಯ ಗತಿಯೂ ಇದೇ: ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನೆನಪಿಡುತ್ತದೆ, 16 ಅಂಕಿಯ ಖಾತೆಯಾದರೆ ಕೊನೆಯದು ಸೊನ್ನೆ. 'ಸರ್ವೆ ನಂಬರ್' ಎಂಬ ಸ್ಟೈಲಿನೊಳಗೆ 'ಟೆಕ್ಸ್ಟ್' ಎಂದು ಮೊದಲೇ ಕಟ್ಟಿಟ್ಟು, ಅಂಕಿ ಹೊಡೆಯುವ ಮುಂಚೆ ಕಾಲಮ್ಮಿಗೆ ಅದನ್ನು ಕೊಟ್ಟಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಇಲ್ಲಿ ರೂಪ ಲೆಕ್ಕದ ಮೇಲಿನ ಬಣ್ಣವಾಗಿ ಉಳಿದಿಲ್ಲ, ಲೆಕ್ಕದ ಒಳಕ್ಕೇ ಇಳಿದಿದೆ.

ಅಲ್ಪವಿರಾಮದ ವಿಷಯವೂ ಹೀಗೇ. 12,34,567 ಎಂದು ಲಕ್ಷದ ಲೆಕ್ಕದಲ್ಲಿ ಓದುವ ಕಣ್ಣಿಗೆ 1,234,567 ಎಂದರೆ ಒಂದು ಕ್ಷಣ ತಡವರಿಕೆ. ಕಂಪ್ಯೂಟರಿನ ಸೆಟ್ಟಿಂಗನ್ನೇ ಇಂಡಿಯಾ ಎಂದು ಮಾಡಿಕೊಂಡರೆ ಸರಿಹೋಗುತ್ತದೆ ನಿಜ, ಆದರೆ ಆ ಸೆಟ್ಟಿಂಗ್ ಮಷೀನಿನಲ್ಲೇ ಉಳಿಯುತ್ತದೆ, ಫೈಲಿನ ಜೊತೆ ಹೋಗುವುದಿಲ್ಲ. ಸ್ಟೈಲಿನಲ್ಲಿ ಬರೆದಿಟ್ಟ ಅಂಕಿರೂಪ ಫೈಲಿನ ಜೊತೆ ತಾಲ್ಲೂಕಿಗೂ ಹೋಗುತ್ತದೆ, ಜಿಲ್ಲೆಗೂ ಹೋಗುತ್ತದೆ. ಅದರಲ್ಲೂ ಒಂದು ತೊಡಕಿದೆ. ಕೋಟಿಗೊಂದು, ಲಕ್ಷಕ್ಕೊಂದು, ಉಳಿದದ್ದಕ್ಕೊಂದು ಎಂದು ಮೂರು ಭಾಗದಲ್ಲಿ ಬರೆಯುವ ಸೂತ್ರ ಎಲ್ಲರ ಕೈಯಲ್ಲೂ ಓಡಾಡುತ್ತಿದೆಯಲ್ಲ, ಅದರಲ್ಲಿ ಮೈನಸ್ ಮೊತ್ತಗಳೆಲ್ಲ 'ಉಳಿದದ್ದು' ಎಂಬ ಭಾಗಕ್ಕೆ ಬೀಳುತ್ತವೆ. ಇಂಡಿಯಾ ಸೆಟ್ಟಿಂಗ್ ಇಲ್ಲದ ಮಷೀನಿನಲ್ಲಿ ಜಮೆ ಲಕ್ಷದಲ್ಲಿ, ಸಾಲ ಮಿಲಿಯನ್ನಿನಲ್ಲಿ ಕಾಣುತ್ತದೆ. ಸಾಲಕ್ಕೆ ಬೇರೆ ಸ್ಟೈಲು, ಜಮೆಗೆ ಬೇರೆ ಸ್ಟೈಲು ಮಾಡಿಕೊಳ್ಳುವುದು ಇದಕ್ಕೊಂದು ದಾರಿ. ಮಾಡಿಕೊಂಡ ಮೇಲೆ ಆ ಗೋಜಲು ಸೂತ್ರವನ್ನು ಯಾರೂ ಮತ್ತೆ ನೋಡಬೇಕಿಲ್ಲ.

ಕನ್ನಡದವರಿಗಂತೂ ಫಾಂಟೆಂದರೆ ಜೀವನ್ಮರಣದ ಪ್ರಶ್ನೆ ಆಗಿದ್ದ ಕಾಲವಿತ್ತು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ 'ನುಡಿ' ಫಾಂಟಿನಲ್ಲಿ ಹೊಡೆದ ಶೀಟುಗಳು ಇನ್ನೂ ಎಷ್ಟೋ ಇವೆ. ಅಂಥದರಲ್ಲಿ ಯಾರಾದರೂ ಚಂದಕ್ಕೆಂದು ಇಡೀ ಶೀಟಿಗೆ ಕ್ಯಾಲಿಬ್ರಿ ಕೊಟ್ಟರೆ ರೈತರ ಹೆಸರೆಲ್ಲ ರೋಮನ್ ಅಕ್ಷರದ ಕಸವಾಗುತ್ತದೆ. ಅಳಿಸಿಹೋಗಿಲ್ಲ, ಆದರೆ ಓದಲು ಬರುವುದಿಲ್ಲ. ತಿರುಗಿ ನುಡಿ ಕೊಡೋಣವೆಂದು ಇಡೀ ಶೀಟಿಗೆ ಕೊಟ್ಟರೆ ಈಗ ಇಂಗ್ಲಿಷಿನ ಐಎಫ್‌ಎಸ್‌ಸಿ ಕೋಡುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಯಾವ ಸೆಲ್ಲು ನುಡಿ, ಯಾವುದು ಇಂಗ್ಲಿಷ್ ಎಂದು ಹೇಳುವ ಸ್ಟೈಲು ಇದ್ದಿದ್ದರೆ ಎರಡು ಕ್ಲಿಕ್ಕಿನ ಕೆಲಸ.

ಫಾರ್ಮ್ಯಾಟ್ ಪೇಂಟರಿನ ಬ್ರಷ್ಷು ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಬ್ರಷ್ಷು ಕೂರಿಗೆಯಂತೆ, ಒಂದೇ ಅಂತರದಲ್ಲಿ ಸಾಲು ಬಿತ್ತುತ್ತದೆ. ಆದರೆ ಬಿತ್ತಿದ ಮೇಲೆ ಕೂರಿಗೆಯ ತಾಳು ಬದಲಾಯಿಸಿದರೆ ಎದ್ದ ಸಾಲು ಸರಿಯುವುದಿಲ್ಲ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಪಹಣಿಗೆ 'ಭೂಮಿ' ಇದೆ, ಪಂಚಾಯತಿಯ ಜಮಾ-ಖರ್ಚಿಗೆ 'ಪಂಚತಂತ್ರ' ಇದೆ, ಮನೆಯ ಆಸ್ತಿಗೆ 'ಇ-ಸ್ವತ್ತು' ಇದೆ, ಮತ್ತೆ ಶೀಟಿನ ಶಿಸ್ತು ಯಾಕೆ? ಶೀಟು ಹುಟ್ಟುವುದೇ ಈ ತಂತ್ರಾಂಶಗಳ ಸಂದಿಯಲ್ಲಿ. ಯಾವ ತಂತ್ರಾಂಶವೂ ಕೇಳದ ಮಾಹಿತಿಯನ್ನು ಸಂಜೆಯೊಳಗೆ ಕಳಿಸಿ ಎಂದು ಮೇಲಿನಿಂದ ಬಂದಾಗ ತೆರೆಯುವುದು ಎಕ್ಸೆಲನ್ನೇ.

ಸ್ಟೈಲಿಗೂ ರೋಗ ಬರುತ್ತದೆ, ಅದನ್ನು ಒಪ್ಪಬೇಕು. ಹತ್ತು ಪಂಚಾಯತಿಯ ಶೀಟುಗಳನ್ನು ಒಂದು ಫೈಲಿಗೆ ತಂದು ಸೇರಿಸಿದರೆ ಅವುಗಳ ಸ್ಟೈಲುಗಳೂ ಬಾಲದಂತೆ ಬರುತ್ತವೆ. ಹಳೆಯ ಎಕ್ಸೆಲಿನಲ್ಲಿ ಸುಮಾರು 4,000 ಬಗೆಯ ರೂಪಗಳಾದರೆ ಫೈಲು ಮುಷ್ಕರ ಹೂಡುತ್ತಿತ್ತು, ಈಗಿನದರಲ್ಲಿ ಮಿತಿ 65,490. ಆದರೆ ಈ ಮಿತಿ ಎಣಿಸುವುದು ಹೆಸರಿದ್ದ ಸ್ಟೈಲುಗಳನ್ನಷ್ಟೇ ಅಲ್ಲ, ಫಾಂಟು-ಗೆರೆ-ಬಣ್ಣಗಳ ಬೇರೆಬೇರೆ ಜೋಡಣೆಗಳನ್ನೂ. ಮನಸ್ಸಿಗೆ ಬಂದಂತೆ ಬಳಿದವರೇ ಆ ಮಿತಿಯ ಹತ್ತಿರ ಬೇಗ ಹೋಗುತ್ತಾರೆ. ಔಷಧಿ ಎಂದರೆ ಸ್ಟೈಲುಗಳ ಸಂಖ್ಯೆ ಕಡಿಮೆ ಇಡುವುದು, ಅವು ಒಂದೇ ಕಡೆಯಿಂದ ಬರುವಂತೆ ನೋಡಿಕೊಳ್ಳುವುದು.

ಆ ಒಂದು ಕಡೆ ಯಾವುದು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ತಂಬೂರದ ಕಂಪ್ಯೂಟರ್ ಆಪರೇಟರಿಗೆ ಸ್ಟೈಲು ಕಲಿಸಿ ಪ್ರಯೋಜನ ಅರ್ಧ ಮಾತ್ರ. ಹಿಂದೆ ತಲಾಟಿಯ ಕೈಗೆ ಬರುತ್ತಿದ್ದ ಗ್ರಾಮ ನಮೂನೆಗಳಲ್ಲಿ ಯಾವ ಕಾಲಮ್ಮಿನಲ್ಲಿ ಏನು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು; ಅವನ ಕೆಲಸ ತುಂಬುವುದು. ಈಗ ತಾಲ್ಲೂಕಿನಿಂದ 'ಲಗತ್ತಿಸಿದ ನಮೂನೆಯಲ್ಲಿ' ಎಂದು ಬರುವ ಶೀಟಿನಲ್ಲಿ ಮೇಲಿನ ಸಾಲಿನ ತಲೆಬರಹ ಬಿಟ್ಟರೆ ಕೆಳಗೆಲ್ಲ ಬರೀ ಖಾಲಿ ಸೆಲ್ಲು. ಹೆಸರು, ಸರ್ವೆ ನಂಬರ್, ಖಾತೆ ನಂಬರ್, ಮೊತ್ತ, ಬಾಕಿ, ಈ ಐದು ಸ್ಟೈಲುಗಳನ್ನು ಕನ್ನಡದಲ್ಲೇ ಹೆಸರಿಟ್ಟು, ಕಾಲಮ್ಮುಗಳಿಗೆ ತೊಡಿಸಿ, ಆಮೇಲೆ ಕಳಿಸಲಿ. ಶೀಟು ಕಳಿಸುವವರಿಗೆ ಅದು ಅರ್ಧ ಗಂಟೆಯ ಕೆಲಸ. ತಾಲ್ಲೂಕಿನ ಎಲ್ಲ ಪಂಚಾಯತಿಗಳಿಂದ ತಿರುಗಿ ಬಂದ ಶೀಟುಗಳಲ್ಲಿ ಮಾರ್ಚ್ 12ನ್ನು ಹುಡುಕಿ ಹೊಲ ಮಾಡುವ ಕೆಲಸವೂ ಹೇಗೂ ಅವರದೇ.