ಮುಂದೆ ಯಾರು, ಹಿಂದೆ ಯಾರು?

ಮನೆಗೆ ಒಂದು ಮಿಕ್ಸರ್ ತರುವುದಿದ್ದರೂ ನಾಲ್ಕು ಜನರನ್ನು ಕೇಳುವವರು ನಾವು. ಇನ್ನು ಗಾಡಿ ತರುವುದೆಂದರೆ ಹೇಳಬೇಕೆ? ಹೋದ ವರ್ಷ ಯುಗಾದಿಯಿಂದ ದಸರೆಯವರೆಗೆ ನಮ್ಮ ಮನೆಯಲ್ಲಿ ಅದೊಂದೇ ಮಾತು. ಆ ಕಥೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು.

ನಾವು ಲಕ್ಷ್ಮೇಶ್ವರದವರು. ನಮ್ಮ ಮನೆಯವರದು ಅಡಿಗೆ ಕಾಂಟ್ರ್ಯಾಕ್ಟು, ಜೊತೆಗೆ ಪೆಂಡಾಲದ ಕೆಲಸ. ಮದುವೆ, ಕುಬಸ, ಜವಳ, ಎಲ್ಲಿಗೆ ಕರೆದರೂ ಪಾತ್ರೆ, ಒಲೆ ಹೇರಿಕೊಂಡು ಹೋಗುವುದು. ಶಿರಹಟ್ಟಿ ಹಾದಿಗೆ ನಾಲ್ಕು ಎಕರೆ ಎರಿ ಹೊಲವಿದೆ. ಉಳ್ಳಾಗಡ್ಡಿ ಬಂದರೆ ಗದುಗಿನ ಎ.ಪಿ.ಎಂ.ಸಿ.ಗೆ ಒಯ್ಯಬೇಕು. ನನ್ನ ತವರು ಮುಂಡರಗಿ. ಇಷ್ಟಕ್ಕೆಲ್ಲ ಇದ್ದದ್ದು ಒಂದು ಸಣ್ಣ ಗೂಡ್ಸ್ ಗಾಡಿ. ಮುಂದೆ ಇಬ್ಬರಿಗೆ ಜಾಗ, ಉಳಿದವರೆಲ್ಲ ಹಿಂದೆ, ಪಾತ್ರೆಗಳ ಸಂಗಡ.

ಮೂರು ವರ್ಷದ ಹಿಂದಿನ ಮಾತು. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠದ ಜಾತ್ರೆ, ಒಬ್ಬರ ಮನೆಯ ಅಡಿಗೆ ನಮಗಿತ್ತು. ಇವರು ಗಾಡಿ ನಡೆಸುತ್ತಿದ್ದರು, ಪಕ್ಕದಲ್ಲಿ ನಾನು. ಹಿಂದೆ ಇಬ್ಬರು ಹುಡುಗರು ಮತ್ತು ನಮ್ಮಲ್ಲಿ ರೊಟ್ಟಿ ಬಡಿಯುವ ಅಕ್ಕ. ಹಾದಿಗೆ ಅಡ್ಡ ಒಂದು ಎಮ್ಮೆ ಬಂತು. ಇವರು ಬ್ರೇಕು ಒತ್ತಿದರು. ಹಿಂದಿನಿಂದ ಚೀರಿದ ಸದ್ದು. ಇಳಿದು ಓಡಿದರೆ ಅಕ್ಕ ಬಲಗೈ ಹಿಡಿದುಕೊಂಡು ಕೂತಿದ್ದಳು. ಮುಂಗೈ ಎಲುಬು ಮುರಿದಿತ್ತು.

ಅಷ್ಟು ನೋವಿನಲ್ಲೂ ಆಕೆ ಅಂದದ್ದೇನು ಗೊತ್ತೆ? "ಇರಲಿ ಬಿಡ್ರಿ ಅಕ್ಕಾರ, ಪಾತ್ರಿಗೆ ಏನೂ ಆಗಿಲ್ಲಲ್ಲ." ಪಾತ್ರೆಗೆ ಏನೂ ಆಗಿರಲಿಲ್ಲ, ಹೌದು. ಅವನ್ನು ಹಗ್ಗದಿಂದ ಬಿಗಿದು ಕಟ್ಟಿದ್ದೆವು. ಆಕೆಗೆ ಹಿಡಿದುಕೊಳ್ಳಲು ಒಂದು ತುಂಡು ಹಗ್ಗವೂ ಇರಲಿಲ್ಲ.

ಎರಡು ತಿಂಗಳು ಅಕ್ಕ ರೊಟ್ಟಿ ಬಡಿಯಲಿಲ್ಲ. ದವಾಖಾನೆಯ ಖರ್ಚು ನಾವೇ ಕೊಟ್ಟೆವು, ಕೂಲಿಯನ್ನೂ ಕೊಟ್ಟೆವು. ಆದರೆ ಕೊಟ್ಟದ್ದು ಅರ್ಧ ಕೂಲಿ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಹಳೆಯ ಗಾಡಿ ಕೈಕೊಡಲು ಶುರುವಾದಾಗ ಮನೆಯಲ್ಲಿ ಮೂರು ಪಕ್ಷವಾದವು. ಇವರು, "ಸಿಂಗಲ್ ಕ್ಯಾಬಿನ್ ಪಿಕಪ್ ತರೂಣು. ಹಿಂದ ಉದ್ದ ಜಾಗ, ಪೆಂಡಾಲದ ಪೈಪು ಪೂರಾ ಹಿಡಿತಾವು" ಅಂದರು. ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. "ಒಂದು ಕಾರ ತಗೋರಿ ಯಪ್ಪಾ, ಸಾಯೂದರಾಗ ಒಮ್ಮೆ ಸುಖವಾಗಿ ಕುಂತು ಹೋಗ್ತೀನಿ" ಎಂಬುದು ಅವರ ಹಟ. ನಾನು ಮಾತ್ರ, "ರೀ, ಎಲ್ಲರೂ ಒಳಗ ಕುಂದ್ರೂ ಗಾಡಿ ಬೇಕು, ಮಾಲೂ ಹಿಡೀಬೇಕು" ಅಂದೆ. "ಅಂಥಾದ್ದು ಎಲ್ಲೈತಿ?" ಎಂದು ಇವರು ನಕ್ಕರು.

ಇದೆ ನೋಡಿ, ಡಬಲ್ ಕ್ಯಾಬಿನ್ ಪಿಕಪ್. ಕಾರಿನಂತೆ ನಾಲ್ಕು ಬಾಗಿಲು, ಐದು ಜನರಿಗೆ ಸೀಟು, ಅದರ ಹಿಂದೆ ಮಾಲು ಹೇರುವ ಬಾಡಿ. ನಮ್ಮ ಕಡೆ ಹೆಚ್ಚು ಕಾಣುವುದು ಮಹೀಂದ್ರ ಬೊಲೆರೊ ಕ್ಯಾಂಪರ್. ಸುಮಾರು 1000 ಕಿಲೋ ಹೊರುತ್ತದೆ. ಇಸುಜು ವಿ-ಕ್ರಾಸ್, 2022ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೋಟಾ ಹೈಲಕ್ಸ್ ಕೂಡ ಇದೇ ಜಾತಿಯವು. ನೋಡಲು ಚೆಂದ. ಆದರೆ ಬೆಲೆ ಕೇಳಿದರೆ ಕ್ಯಾಂಪರಿನ ಎರಡು ಪಟ್ಟಿಗೂ ಮೇಲೆ. ನಮಸ್ಕಾರ ಹೇಳಿ ಬಂದೆವು.

ಗದಗ-ಬೆಟಗೇರಿಗೆ ಗಾಡಿ ನೋಡಲು ಹೋದಾಗ ನಾನು ರವಿಕೆ ಅಳತೆಯ ಟೇಪು ಒಯ್ದಿದ್ದೆ. ಅಂಗಡಿಯ ಹುಡುಗ ಮುಸಿಮುಸಿ ನಕ್ಕ. ನಗಲಿ! ಸಿಂಗಲ್ ಮತ್ತು ಡಬಲ್ ಕ್ಯಾಬಿನ್ ಎರಡರ ಬಾಡಿಯನ್ನೂ ಅಳೆದು ಬರೆದುಕೊಂಡೆ. ಮನೆಗೆ ಬಂದು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಎರಡು ಚೌಕ ಎಳೆದೆ. ನಮ್ಮ ದೊಡ್ಡ ಬೋಗುಣಿ, ಗ್ಯಾಸಿನ ಒಲೆ, ಸಿಲಿಂಡರ್, ಅಕ್ಕಿ ಚೀಲ ಎಲ್ಲ ತಂದು ಒಳಗಿಟ್ಟೆವು. ಡಬಲ್ ಕ್ಯಾಬಿನ್ನಿನ ಚೌಕ ಗಿಡ್ಡ. ಆದರೂ ಅಡಿಗೆ ಸಾಮಾನು ಒಂದರ ಮೇಲೊಂದು ಹಿಡಿಯಿತು. ಪೈಪು ಮಾತ್ರ ಬಹಳ ಹೊರಗೆ ಚಾಚಿತು. "ನೋಡಿದೇನು?" ಎಂದು ಇವರು ಗೆದ್ದವರಂತೆ ನೋಡಿದರು.

ನಾನು ಲೆಕ್ಕದ ವಹಿ ತೆಗೆದೆ. ಹಿಂದಿನ ವರ್ಷ ನಾವು ಮಾಡಿದ ಕೆಲಸ ಒಟ್ಟು 61. ಪೆಂಡಾಲ ಬೇಕಾದದ್ದು 14 ಮಾತ್ರ. ಈಗ ಎಲ್ಲರೂ ಕಲ್ಯಾಣ ಮಂಟಪದಲ್ಲೇ ಮದುವೆ ಮಾಡುತ್ತಾರಲ್ಲ! ಆದರೆ 61 ಕೆಲಸಕ್ಕೂ ಜನ ಬೇಕೇ ಬೇಕು. "ಆ 14 ದಿನ ಪೈಪಿಗೆ ಬಾಡಿಗಿ ಗಾಡಿ ಮಾಡೂಣ್ರಿ. ಪೈಪು ಬಾಡಿಗಿ ಗಾಡ್ಯಾಗ ಹೋಗ್ಲಿ, ಮನಷ್ಯಾರು ನಮ್ಮ ಗಾಡ್ಯಾಗ ಬರ್ಲಿ" ಅಂದೆ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಕ್ಕನ ಕೈ ನೆನಪಾತೇನು?" ಎಂದರು. ಅವರೂ ಮರೆತಿರಲಿಲ್ಲ.

ಇನ್ನು ಕೆಲವು ವ್ಯವಹಾರದ ಮಾತು. ಕ್ಯಾಂಪರ್ ಸರಕಿನ ಗಾಡಿಯೆಂದೇ ನೋಂದಣಿಯಾಗುತ್ತದೆ. ಹಳದಿ ನಂಬರ್ ಪ್ಲೇಟು. ಹೊಸ ಗಾಡಿಗೆ ಎಫ್.ಸಿ. ಎರಡು ವರ್ಷಕ್ಕೆ ಇರುತ್ತದೆ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಬೇಕು. ಮಾಲು ಸಹಿತ ಒಟ್ಟು ತೂಕ 3000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಆರ್.ಸಿ. ಪುಸ್ತಕದಲ್ಲಿ ಆ ಅಂಕಿ ನೋಡಿಕೊಳ್ಳಿ. ಕಾರು ನಡೆಸುವ ಲೈಸೆನ್ಸ್ ಇದ್ದವರು ಒಟ್ಟು 7500 ಕಿಲೋ ಮೀರದ ಸಾರಿಗೆ ಗಾಡಿಯನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ಗಟ್ಟಿಮಾಡಿದೆ. ನಮ್ಮ ಮಗಳು ಅದನ್ನು ಓದಿ ಹೇಳಿ, ಈಗ ತಾನೇ ಸ್ಟೇರಿಂಗ್ ಹಿಡಿಯುತ್ತಾಳೆ!

ಇನ್ನೊಂದು ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಿ, ಸೋದರಿಯರೇ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತ ಪ್ರಯಾಣಿಕರಿಗೆ ವಿಮಾ ಕಂಪನಿ ಹಣ ತೆರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಜಾತ್ರೆಗೆ, ಮದುವೆ ದಿಬ್ಬಣಕ್ಕೆ ಗೂಡ್ಸ್ ಗಾಡಿಯಲ್ಲಿ ಮಕ್ಕಳು-ಮರಿ ತುಂಬಿಕೊಂಡು ಹೋಗುತ್ತೇವಲ್ಲ, ಆಗ ಇದು ನೆನಪಿರಲಿ. ಡಬಲ್ ಕ್ಯಾಬಿನ್ ತಂದರೂ ಸರಿ, ಆರನೆಯವರನ್ನು ಬಾಡಿಯಲ್ಲಿ ಕೂಡಿಸಿದರೆ ಗಾಡಿ ಬದಲಿಸಿ ಬಂದದ್ದೇನು? ಆರನೆಯವರು ಬಸ್ಸಿಗೆ ಬರಲಿ. ಚಾರ್ಜು ನಾವೇ ಕೊಡುವುದು.

ಗಾಡಿಯಲ್ಲಿ ಕುಂದಿಲ್ಲವೆಂದಲ್ಲ. ಮಾಲು ಹೊರಲು ಮಾಡಿದ ಪಟ್ಟಿ ಸ್ಪ್ರಿಂಗು, ಖಾಲಿ ಇದ್ದಾಗ ಎತ್ತಿ ಎತ್ತಿ ಹಾಕುತ್ತದೆ. ಹಿಂದಿನ ಸೀಟಿನ ಒರಗು ನೆಟ್ಟಗೆ. ಹತ್ತುವುದೂ ಎತ್ತರ. ಅತ್ತೆಯವರಿಗೆಂದು ಒಂದು ಗಟ್ಟಿ ಮಣೆ ಮಾಡಿಸಿ ಸೀಟಿನ ಕೆಳಗೆ ಇಟ್ಟಿದ್ದೇವೆ. ಇಳಿಯುವಾಗ ಹತ್ತುವಾಗ ಅದು ಅವರ ಮೆಟ್ಟಿಲು. ನೀವು ಕೊಳ್ಳುವುದಾದರೆ ಮನೆಯ ಹಿರಿಯರನ್ನು ಕರೆದೊಯ್ದು ಎರಡು ಸಲ ಹತ್ತಿಸಿ ಇಳಿಸಿ ನೋಡಿ. ಹಿಂದಿನ ಸೀಟಿಗೂ ಬೆಲ್ಟ್ ಇದೆಯೇ ಎಂದು ಕೈಯಿಂದ ಎಳೆದೇ ನೋಡಿ.

ದಸರೆಗೆ ಪೂಜೆ ಮಾಡಿದ ಮೇಲೆ ಮೊದಲ ಕೆಲಸ ಮುಂಡರಗಿಯಲ್ಲಿ, ನನ್ನ ತವರಿನ ಓಣಿಯದೇ ಮದುವೆ. ಬೆಳಿಗ್ಗೆ ಪಾತ್ರೆ ಹೇರಿ ಆದ ಮೇಲೆ ರೊಟ್ಟಿ ಅಕ್ಕ ರೂಢಿಯಂತೆ ಸೀರೆ ನೆರಿಗೆ ಎತ್ತಿ ಹಿಂದಿನ ಬಾಡಿ ಹತ್ತಲು ಹೋದಳು. "ಅಲ್ಲಲ್ಲ, ಇತ್ತಾಗ ಬಾ ಯವ್ವಾ" ಎಂದು ಕರೆದವರು ನಮ್ಮ ಅತ್ತೆಯವರು. ಕಾರಿಗಾಗಿ ಹಟ ಹಿಡಿದವರು ಅವರೇ! ಅಕ್ಕ ಕಾಲೊರೆಸಿಕೊಂಡು, ಸಂಕೋಚದಿಂದ ಮೈ ಮುದುಡಿಕೊಂಡು ಕೂತಳು. ಮುಂಡರಗಿ ಹತ್ತಿರಾಗುವ ಹೊತ್ತಿಗೆ ಹಿಂತಿರುಗಿ ನೋಡಿದೆ. ಇಬ್ಬರ ನಡುವೆ ಎಲೆ ಅಡಿಕೆಯ ಚೀಲ ಬಿಚ್ಚಿತ್ತು. ಅಕ್ಕ ಕಿಟಕಿಯ ಕಡೆ ಮುಖಮಾಡಿ ದೂರದ ಕಪ್ಪತಗುಡ್ಡ ನೋಡುತ್ತಿದ್ದಳು. ಮುರಿದು ಕೂಡಿದ ಕೈ ಬೆಲ್ಟನ್ನು ಗಟ್ಟಿಯಾಗಿ ಹಿಡಿದಿತ್ತು.